ಇಲ್ಲದ ಹಂಪುಗಳು

ಆರ್.ಟಿ. ನಗರ
27 ಅಕ್ಟೋಬರ್ 2025

ಪ್ರಿಯ ಸುಬ್ಬು,

ನೀನು ಫೋನ್ ಎತ್ತದೆ ಇಂದಿಗೆ ಹದಿನೈದು ದಿನ. ಎರಡು ಸಲ ಜಕ್ಕೂರಿಗೇ ಬಂದೆ. ಎರಡು ಸಲವೂ ನಿಮ್ಮಕ್ಕ ಬಾಗಿಲಲ್ಲೇ ನಿಂತು, "ಮಲಗವ್ನೆ ವಹಾಬಣ್ಣ" ಅಂದರು. ಬೆಳಿಗ್ಗೆ ಹನ್ನೊಂದಕ್ಕೆ ಮಲಗುವ ಗಿರಾಕಿ ನೀನಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಅದಕ್ಕೇ ಈ ಕಾಗದ. ನಾನು ಕಾಗದ ಬರೆದು ಇಪ್ಪತ್ತು ವರ್ಷವಾಗಿದೆ. ಕೊನೆಯದು ಅನೀಸಾಗೆ, ನಮ್ಮ ಮದುವೆಗೆ ಮುಂಚೆ. ಅದಕ್ಕೆ ಉತ್ತರ ಬಂದಿತ್ತು, ಇದಕ್ಕೂ ಬರಲಿ.

ಮಂಜುಶ್ರೀಯವರೇ, ನೀವು ಇದನ್ನು ನಿಮ್ಮ ತಮ್ಮನಿಗೆ ಓದಿ ಹೇಳುವಾಗ ತಮಾಷೆ ಬಂದ ಕಡೆ ಸ್ವಲ್ಪ ನಗುತ್ತ ಓದಿ. ಹಾಲಿನ ಬೂತಿನಲ್ಲಿ ಚಿಲ್ಲರೆ ಕೇಳುವ ದನಿಯಲ್ಲಿ ಓದಿದರೆ ನನ್ನ ಕಾಗದ ಕೆಟ್ಟುಹೋಗುತ್ತದೆ.

ಕಾಲರ್ ಬೋನ್ ಕೂಡಿಕೊಳ್ಳುತ್ತಿದೆಯಾ? ಡಾಕ್ಟರು ಆರು ವಾರ ಅಂದಿದ್ದರು. ಕೆರೆ ಏರಿಯ ಮೇಲೆ ಎಲ್ಲರೂ ನಿನ್ನನ್ನೇ ಕೇಳುತ್ತಾರೆ. ನಾನು ಒಬ್ಬನೇ ಓಡುವುದನ್ನು ನೋಡಿ ಚನ್ನಪ್ಪನವರು, "ಏನ್ ಸಾಹೇಬ್ರೇ, ಎಂಜಿನ್ ಬಿಟ್ಟು ಬೋಗಿ ಒಂದೇ ಬಂದದಲ್ಲ" ಅಂದರು. ನಕ್ಕೆ. ಆಮೇಲೆ ಓಡಲು ಮನಸ್ಸಾಗದೆ ಮನೆಗೆ ಬಂದೆ.

ನೆನಪಿದೆಯಾ, ಎರಡು ವರ್ಷದ ಹಿಂದೆ ಅದೇ ಏರಿಯ ಮೇಲೆ ನೀನು ಅಕ್ಕನ ಮೊಣಕೈ ಹಿಡಿದು ನಡೆಯುತ್ತಿದ್ದೆ. ಕಣ್ಣು ಹೋಗಿ ಎರಡು ವರ್ಷವಾಗಿತ್ತು ನಿನಗೆ. ಓಡುವವರ ಹೆಜ್ಜೆ ಸದ್ದು ಕೇಳಿದಾಗೆಲ್ಲ, "ಯಾರಾದ್ರೂ ಪುಣ್ಯಾತ್ಮರು ನನ್ನೂ ಒಂದ್ಸಲ ಓಡ್ಸಿ" ಅಂತ ಕೂಗುತ್ತಿದ್ದೆ. ನಾನಾಗ ನಲವತ್ಮೂರು ವರ್ಷದ ಹೊಟ್ಟೆಯ ಮನುಷ್ಯ, ಬಿ.ಪಿ. ಬಂದು ಡಾಕ್ಟರು ಓಡಿಸಿದ್ದರಿಂದ ಓಡಲು ಬಂದವನು. ನಿಂತೆ. ಮೊದಲ ದಿನ ನಾನೂರು ಮೀಟರು. ಮಾರನೇ ದಿನ ನನ್ನ ಸೀಟ್ ಕವರ್ ಅಂಗಡಿಯಲ್ಲಿ ಹಳೇ ಸೀಟ್ ಬೆಲ್ಟಿನ ಪಟ್ಟಿ ಕತ್ತರಿಸಿ ಎರಡು ತುದಿಗೂ ಕುಣಿಕೆ ಹೊಲಿದೆ, ಒಂದು ನಿನ್ನ ಕೈಗೆ, ಒಂದು ನನ್ನ ಕೈಗೆ. ಮೊದಲ ಸ್ಪರ್ಧೆಯಲ್ಲಿ ಹತ್ತು ಕಿಲೋಮೀಟರಿಗೆ ಒಂದು ಗಂಟೆ ಹನ್ನೆರಡು ನಿಮಿಷ. ಈಗ ಐವತ್ತೊಂದು ನಿಮಿಷದಲ್ಲಿದ್ದೇವೆ. ಮಾರ್ಚ್ ಹದಿನೈದರ ಓಟದಲ್ಲಿ ಐವತ್ತರೊಳಗೆ ಮುಗಿಸಿದರೆ ರಾಜ್ಯ ತಂಡದ ಆಯ್ಕೆಗೆ ನಿನಗೆ ಕರೆ ಬರುತ್ತದೆ. ಇದನ್ನು ಬಿಟ್ಟು ಮಲಗುತ್ತೀಯಾ?

ಬಿದ್ದದ್ದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ರಸ್ತೆಯ ಉಬ್ಬು ಕಂಡು ನಾನು "ಹಂಪ್" ಎಂದು ಕೂಗಿದ್ದನ್ನು ಹಿಂದೆ ಬರುತ್ತಿದ್ದವರೆಲ್ಲ ಕೇಳಿಸಿಕೊಂಡಿದ್ದಾರೆ. ನೀನು ಯಾವುದೋ ಯೋಚನೆಯಲ್ಲಿ ಕಾಲೆತ್ತಲಿಲ್ಲ. ಆಗುತ್ತದೆ ಬಿಡು. ಜನವರಿ ಹತ್ತು ಕೊನೇ ದಿನ, ಇಬ್ಬರ ಫಾರಂನೂ ನಾನೇ ತುಂಬುತ್ತೇನೆ.

ನಿನ್ನ
ವಹಾಬ್ ಭಾಯ್

*

ಜಕ್ಕೂರು
5 ನವೆಂಬರ್ 2025

ವಹಾಬ್ ಭಾಯ್ ಅವರಿಗೆ ಸುಬ್ರಮಣಿ ಬರೆಸುವುದು.

ನಿಮ್ಮ ಕಾಗದವನ್ನು ಅಕ್ಕ ಎರಡು ಸಲ ಓದಿದಳು. ತಮಾಷೆಯ ಕಡೆ ನಗುತ್ತಲೇ ಓದಿದಳು. ನನಗೆ ನಗು ಬರಲಿಲ್ಲ, ಅದು ಅವಳ ತಪ್ಪಲ್ಲ.

ಫಾರಂ ತುಂಬಬೇಡಿ. ನನ್ನ ಓಟ ಮುಗಿಯಿತು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನೀವು ಕೂಗಿದ್ದು ಚೆನ್ನಾಗಿ ಕೇಳಿಸಿತ್ತು. ಕೇಳಿಸಿಕೊಂಡೂ ಬೇಕೆಂದೇ ನಾನು ಕಾಲೆತ್ತಲಿಲ್ಲ. ಕಾರಣ ನನ್ನದು, ನನ್ನ ಹತ್ತಿರವೇ ಇರಲಿ.

ನೀವು ಎರಡು ವರ್ಷ ನನಗೋಸ್ಕರ ಆರ್.ಟಿ. ನಗರದಿಂದ ಬೆಳಗಿನ ಚಳಿಯಲ್ಲಿ ಬಂದಿದ್ದೀರಿ. ಅದನ್ನು ಮರೆಯುವವನಲ್ಲ. ಇನ್ನು ನಿಮ್ಮ ಪಾಡಿಗೆ ನೀವು ಓಡಿ.

ಸುಬ್ರಮಣಿ

ವಹಾಬಣ್ಣ, ಇಲ್ಲಿಂದ ಕೆಳಗಿನದು ಅವನು ಹೇಳಿದ್ದಲ್ಲ. ನಾನು, ಮಂಜುಶ್ರೀ, ನನ್ನಷ್ಟಕ್ಕೆ ಬರೆಯುತ್ತಿರುವುದು. ಅವನು ನಿಮಗೆ ಹೇಳದ ಕಾರಣವನ್ನು ಆಸ್ಪತ್ರೆಯಲ್ಲಿ ನನಗೆ ಹೇಳಿದ. ಆಗಸ್ಟ್ ತಿಂಗಳಿಂದ ನೀವು ಹಂಪು ಅಂದಾಗ ಅವನು ನಿಧಾನ ಮಾಡಿ ಕಾಲೆತ್ತಿ ಇಡುತ್ತಿದ್ದನಂತೆ, ಎಷ್ಟೋ ಸಲ ಕಾಲಿಗೆ ಏನೂ ಸಿಗುತ್ತಿರಲಿಲ್ಲವಂತೆ. "ಭಾಯ್ ಅಲ್ಲೈತೆ ಅಂತಾರೆ, ನನ್ ಕಾಲ್ಗೆ ಏನೂ ಗೊತ್ತಾಯ್ತಿಲ್ಲ ಅಕ್ಕ. ಕಾಲೂ ಓಯ್ತು" ಅಂದು ಅತ್ತ. ಒಂಬತ್ತನೇ ವಯಸ್ಸಿನಿಂದ ಅವನಿಗೆ ಸಕ್ಕರೆ ಕಾಯಿಲೆ. ಕಣ್ಣಾದ ಮೇಲೆ ಪಾದದ ನರಗಳು ಹೋಗಬಹುದು, ಹುಷಾರಾಗಿರಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆವತ್ತು ತನ್ನ ಕಾಲನ್ನು ಪರೀಕ್ಷೆ ಮಾಡಬೇಕೆಂದೇ ಅವನು ಎತ್ತಲಿಲ್ಲ. ಎಡವಿ ಬಿದ್ದ ಮೇಲೆ, ಹಂಪು ಇದ್ದೇ ಇತ್ತು, ಹಾಗಾದರೆ ಇಷ್ಟು ದಿನವೂ ಇದ್ದವು, ಕಾಲಿಗೇ ತಿಳಿದಿಲ್ಲ ಅಂತ ತೀರ್ಮಾನಿಸಿಬಿಟ್ಟ.

ಈಗ ಬಚ್ಚಲಿಗೆ ಹೋಗುವಾಗಲೂ ಗೋಡೆ ಹಿಡಿಯುತ್ತಾನೆ. ಬೂತಿಗೆ ಬರುವುದನ್ನು ಬಿಟ್ಟಿದ್ದಾನೆ. ನೀವು ಪಕ್ಕದಲ್ಲೇ ಇದ್ದವರು. ಅವನ ಕಾಲು ಹಂಪಿಗೆ ತಾಗಿಯೂ ಅವನಿಗೆ ತಿಳಿಯುತ್ತಿರಲಿಲ್ಲವೇ? ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ಹದಿನಾಲ್ಕನೇ ತಾರೀಕು ನರದ ಡಾಕ್ಟರಿಗೆ ತೋರಿಸುತ್ತಿದ್ದೇವೆ, ಅವರಿಗೆ ಹೇಳಬೇಕು.

*

ಆರ್.ಟಿ. ನಗರ
9 ನವೆಂಬರ್ 2025

ಮಂಜುಶ್ರೀಯವರಿಗೆ ನಮಸ್ಕಾರ.

ಲಕೋಟೆಯ ಮೇಲೆ ನಿಮ್ಮ ಹೆಸರೊಂದೇ ಬರೆದಿದ್ದೇನೆ. ಇದನ್ನು ಅವನಿಗೆ ಓದಬೇಡಿ. ದಯವಿಟ್ಟು.

ನಿಮ್ಮ ಪ್ರಶ್ನೆಗೆ ಉತ್ತರ: ಅವನ ಕಾಲು ತಾಗಲಿಲ್ಲ, ಏಕೆಂದರೆ ತಾಗಲು ಅಲ್ಲಿ ಏನೂ ಇರಲಿಲ್ಲ. ನಾನು ಕೂಗಿದ ಹಂಪುಗಳಲ್ಲಿ ಕೆಲವು ಸುಳ್ಳು.

ಮೂರು ದಿನದಿಂದ ಇಷ್ಟನ್ನು ಬರೆಯಲು ಹೆಣಗಾಡಿದ್ದೇನೆ, ಇನ್ನು ಉಳಿದದ್ದನ್ನೂ ಬರೆದುಬಿಡುತ್ತೇನೆ. ಆಗಸ್ಟ್ ಹದಿನೇಳು, ಭಾನುವಾರ. ಏಳನೇ ಕಿಲೋಮೀಟರಿನಲ್ಲಿ ನನ್ನ ಎದೆ ಒಡೆಯುವ ಹಾಗಾಯಿತು. ಸುಬ್ಬು ಬಲವಾಗಿದ್ದ, ಇನ್ನೂ ಜೋರು ಮಾಡುತ್ತಿದ್ದ. ಹಂಪು ಅಂದರೆ ಅವನು ನಾಲ್ಕು ಹೆಜ್ಜೆ ನಿಧಾನ ಮಾಡುತ್ತಾನೆ. ಆ ನಾಲ್ಕು ಹೆಜ್ಜೆಯಲ್ಲಿ ನನಗೆ ಎರಡು ಉಸಿರು ಸಿಗುತ್ತದೆ. ಬಾಯಿಗೆ ಬಂದುಬಿಟ್ಟಿತು. ನಮ್ಮ ಬಡಾವಣೆಗಳು ನಿಮಗೆ ಗೊತ್ತೇ ಇದೆ, ಮನೆ ಕಟ್ಟಿದವನೆಲ್ಲ ತನ್ನ ಗೇಟಿನ ಮುಂದೆ ಒಂದು ಬುಟ್ಟಿ ಕಾಂಕ್ರೀಟು ಸುರಿದು ಹಂಪು ಮಾಡಿಕೊಳ್ಳುತ್ತಾನೆ. ನೆನ್ನೆ ಇಲ್ಲದ್ದು ಇಂದು ಇರುತ್ತದೆ. ಹಾಗಾಗಿ ಅವನಿಗೆ ಅನುಮಾನ ಬರುವುದಿಲ್ಲ ಅಂದುಕೊಂಡೆ. ಅನುಮಾನ ನನ್ನ ಮೇಲೆ ಬರಲಿಲ್ಲ, ಅವನ ಕಾಲಿನ ಮೇಲೆ ಬಂತು. ಅಲ್ಲಾಹನಾಣೆ, ಅದು ನನ್ನ ಊಹೆಯಲ್ಲೂ ಇರಲಿಲ್ಲ.

ಒಂದು ಉಪಕಾರ ಮಾಡಿ. ಹದಿನಾಲ್ಕಕ್ಕೆ ಡಾಕ್ಟರು ಹೇಗೂ ನರ ಸರಿಯಿದೆ ಅನ್ನುತ್ತಾರೆ. ನೀವೂ ಅದನ್ನೇ ಒತ್ತಿ ಹೇಳಿ. ನನ್ನ ವಿಷಯ ನಡುವೆ ಬರದೆಯೇ ಅವನು ಸರಿಹೋದರೆ ಎಲ್ಲರಿಗೂ ಒಳ್ಳೆಯದಲ್ಲವೇ.

ವಹಾಬ್

*

ಜಕ್ಕೂರು
17 ನವೆಂಬರ್ 2025

ವಹಾಬಣ್ಣ,

ಎಲ್ಲರಿಗೂ ಒಳ್ಳೆಯದು ಅಂತ ಬರೆದಿದ್ದೀರಿ. ಆ ಎಲ್ಲರಲ್ಲಿ ನಮ್ಮ ಸುಬ್ರಮಣಿ ಇದ್ದಾನೋ ಇಲ್ಲವೋ?

ನಾಲ್ಕು ವರ್ಷದಿಂದ ಅವನಿಗೆ ಎಲ್ಲವನ್ನೂ ನಾನೇ ಓದಿ ಹೇಳುತ್ತಿದ್ದೇನೆ. ಬ್ಯಾಂಕಿನ ನೋಟೀಸು, ರಕ್ತದ ರಿಪೋರ್ಟು, ಅವನನ್ನು ಮದುವೆಯಾಗಬೇಕಿದ್ದ ಹುಡುಗಿಯ ಮನೆಯವರು ಬೇಡ ಅಂತ ಬರೆದ ಕಾಗದ. ಒಂದು ಅಕ್ಷರ ಬದಲಾಯಿಸಿಲ್ಲ. ಬದಲಾಯಿಸಿದ್ದೇನೆಂದು ಒಂದು ಸಲ ಅನುಮಾನ ಬಂದರೆ ಅವನಿಗೆ ಆಮೇಲೆ ಲೋಕದಲ್ಲಿ ನಂಬಲು ಯಾವ ದನಿಯೂ ಇರುವುದಿಲ್ಲ. ನಿಮ್ಮ ಲಕೋಟೆ ಬಂದಾಗ "ಯಾರ್ದಕ್ಕ?" ಅಂದ. "ನಂಗೆ, ಚೀಟಿ ಫಂಡಿನೋರ್ದು" ಅಂದೆ. ಅವನಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಹೇಳಿಸಿದವರು ನೀವು.

ಡಾಕ್ಟರು ನೋಡಿದರು. ಸಣ್ಣ ಎಳೆಯೊಂದರಿಂದ ಪಾದದ ಹತ್ತು ಕಡೆ ಮುಟ್ಟಿದರು. ಹತ್ತಕ್ಕೆ ಹತ್ತೂ ಸರಿಯಾಗಿ ಹೇಳಿದ. ನರ ಚೆನ್ನಾಗಿದೆ ಅಂದರು. ಆಟೋದಲ್ಲಿ ಬರುವಾಗ ಅವನು ಏನಂದ ಗೊತ್ತೇ? "ಕಣ್ಗೂ ಮೊದ್ಲು ಇಂಗೇ ಅಂದಿದ್ರು."

ಮೊನ್ನೆ ಬೆಳಿಗ್ಗೆ ಬೂತಿನಿಂದ ಬೇಗ ಬಂದೆ. ಚಾಪೆಯ ಮೇಲೆ ಕೂತು ಇನ್ಸುಲಿನ್ ಸೂಜಿಯಿಂದ ತನ್ನ ಅಂಗಾಲು ಚುಚ್ಚಿಕೊಳ್ಳುತ್ತಿದ್ದ. ಚಾಪೆಯೆಲ್ಲ ರಕ್ತದ ಚುಕ್ಕೆ. ಕೈ ಹಿಡಿದುಕೊಂಡೆ. "ನೋಯ್ತಾ ಐತೆ ಅಕ್ಕ. ಆದ್ರೆ ನಿಜ್ವಾಗ್ಲೂ ನೋಯ್ತಾ ಐತೋ, ನೋಯ್ತೈತೆ ಅನ್ಕೋತಾ ಇದೀನೋ, ಅದೇ ತಿಳೀತಿಲ್ಲ" ಅಂದ. ಸಕ್ಕರೆ ಕಾಯಿಲೆಯವನ ಕಾಲಿನಲ್ಲಿ ಒಂದು ಗಾಯ ಕೀವಾದರೆ ಏನಾಗುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಸೂಜಿಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಹೊತ್ತುಹೊತ್ತಿಗೆ ನಾನೇ ಕೊಡುತ್ತೇನೆ, ಚಿಕ್ಕ ಮಗುವಿಗೆ ಕೊಟ್ಟ ಹಾಗೆ.

ನಾನೇ ಹೇಳಿಬಿಡಬಹುದಿತ್ತು. ಹೇಳಿದರೆ ನಂಬುವುದಿಲ್ಲ. ಅಕ್ಕ ಸಮಾಧಾನಕ್ಕೆ ಕಥೆ ಕಟ್ಟುತ್ತಿದ್ದಾಳೆ ಅನ್ನುತ್ತಾನೆ. ಹಂಪು ಇದೆ ಅಂದ ಬಾಯೇ ಇರಲಿಲ್ಲ ಅನ್ನಬೇಕು. ಪಿ.ಟಿ. ಮೇಷ್ಟ್ರು ಮುಬಶ್ಶಿರ್ ಯಲಹಂಕದಿಂದ ಬಂದಿದ್ದರು, ನಾನು ಜೊತೆಗೆ ಓಡ್ತೀನಿ ಬಾ ಅಂದರು. "ಕಾಲೇ ಇಲ್ದೋನಿಗೆ ಜೊತೆ ಯಾಕೆ ಸಾರ್" ಅಂದು ಒಳಗೆ ಹೋದ.

ಇನ್ನು ನನ್ನ ಹೆಸರಿಗೆ ಕಾಗದ ಬರೆಯಬೇಡಿ. ಭಾನುವಾರದವರೆಗೆ ಕಾಯುತ್ತೇನೆ. ನೀವು ಬರದಿದ್ದರೆ, ಅವನು ನಂಬಲಿ ಬಿಡಲಿ, ನಿಮ್ಮ ಕಾಗದವನ್ನೇ ಓದುತ್ತೇನೆ. ಅಕ್ಷರ ಬಿಡದೆ.

ಮಂಜುಶ್ರೀ

*

ಆರ್.ಟಿ. ನಗರ
22 ನವೆಂಬರ್ 2025, ಶನಿವಾರ

ಸುಬ್ಬು,

ಇದನ್ನು ಅಂಚೆಗೆ ಹಾಕುತ್ತಿಲ್ಲ. ನಾಳೆ ನಾನೇ ತಂದು, ನಿನ್ನ ಎದುರು ಕೂತು, ನಾನೇ ಓದುತ್ತೇನೆ. ಹಾಗಿದ್ದರೆ ಬರೆಯುವುದೇಕೆ ಅನ್ನಬಹುದು. ಬಾಯಿಗೆ ಬಿಟ್ಟರೆ ನಾನು ನಡುವೆ ಒಂದು ತಮಾಷೆ ಮಾಡಿ ಜಾರಿಕೊಳ್ಳುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಬರೆದದ್ದನ್ನು ಬರೆದ ಹಾಗೆ ಓದಬೇಕಾಗುತ್ತದೆ.

ಮೊದಲು ಒಂದು ಮಾತು, ಮಿಕ್ಕದ್ದನ್ನು ಕೇಳದಿದ್ದರೂ ಇದನ್ನು ಕೇಳು. ನಿನ್ನ ಕಾಲು ಚೆನ್ನಾಗಿದೆ. ಕಾಲು ನಿನಗೆ ಹೇಳಿದ್ದು ನಿಜ, ನಾನು ಹೇಳಿದ್ದು ಸುಳ್ಳು.

ನೀರಿನ ಟ್ಯಾಂಕಿನ ಮುಂದೆ ಹಂಪಿಲ್ಲ. ಮಸೀದಿಯ ತಿರುವಿನಲ್ಲಿ ಇಲ್ಲ. ಹಳೇ ರಾಗಿ ಮಿಷನ್ನಿನ ಎದುರು ಒಂದಿದೆ, ಅದರ ಮುಂದೆ ಇನ್ನೊಂದು ಅಂತ ಕೂಗುತ್ತಿದ್ದೆ, ಆ ಇನ್ನೊಂದು ಇಲ್ಲ. ಅಪಾರ್ಟ್‌ಮೆಂಟಿನ ಕಾಂಪೌಂಡ್ ಉದ್ದಕ್ಕೂ ಮೂರು ಅನ್ನುತ್ತಿದ್ದೆ, ಇರುವುದು ಒಂದೇ. ಆಗಸ್ಟಿನಿಂದ ಅಕ್ಟೋಬರಿನವರೆಗೆ ಒಂದೊಂದು ಓಟದಲ್ಲಿ ನಾಲ್ಕೈದು ಸಲ ನಿನಗೆ ಇಲ್ಲದ ಹಂಪು ದಾಟಿಸಿದ್ದೇನೆ. ನೀನು ಬಿದ್ದೆಯಲ್ಲ, ಅದೊಂದು ನಿಜವಾಗಿತ್ತು.

ಉಸಿರು ಸಾಲದೆ ಹಾಗೆ ಮಾಡಿದೆ ಅಂತ ನಿಮ್ಮಕ್ಕನಿಗೆ ಬರೆದಿದ್ದೆ. ಅದು ಅರ್ಧ. ಚೀಟಿ ಫಂಡಿನದು ಅಂತ ಅವರು ನಿನಗೆ ಹೇಳಿದ ಕಾಗದ ಅದೇ. ಅವರನ್ನು ಬೈಯಬೇಡ, ಓದಬೇಡಿ ಅಂತ ಬೇಡಿಕೊಂಡವನು ನಾನು. ಉಳಿದ ಅರ್ಧ ಇದು. ಆಗಸ್ಟ್ ಮೊದಲ ವಾರ ಮುಬಶ್ಶಿರ್ ನನ್ನನ್ನು ಪಕ್ಕಕ್ಕೆ ಕರೆದು, "ಭಾಯ್, ಸುಬ್ರಮಣಿ ಈಗ ನಿಮಗಿಂತ ಫಾಸ್ಟ್ ಇದ್ದಾನೆ. ಜೊತೆಗೆ ಓಡೋರು ಅವನಿಗಿಂತ ಜೋರಿರ್ಬೇಕು. ನಾನು ಓಡ್ತೀನಿ, ನೀವೇ ಅವನಿಗೆ ಹೇಳಿ" ಅಂದರು. ಹೇಳುತ್ತೇನೆ ಅಂದೆ. ಹೇಳಲಿಲ್ಲ. ನನ್ನಷ್ಟಕ್ಕೆ ಓಡಿದರೆ ನಾನು ನಾನೂರು ಜನರಲ್ಲಿ ನೂರ ಎಂಬತ್ತನೆಯವನು. ನಿನ್ನ ಪಕ್ಕ ಓಡಿದರೆ ವೇದಿಕೆಯ ಮೇಲೆ ನಿಲ್ಲಿಸಿ ನನ್ನ ಕೊರಳಿಗೂ ಮೆಡಲ್ ಹಾಕುತ್ತಾರೆ. ಆ ಫೋಟೋವನ್ನು ಅಂಗಡಿಯ ಗಲ್ಲಾದ ಮೇಲೆ ತೂಗುಹಾಕಿದ್ದೇನೆ. ಬಂದ ಗಿರಾಕಿಗಳೆಲ್ಲ ಕೇಳುತ್ತಾರೆ, ನಾನು ಹೇಳುತ್ತೇನೆ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಅನ್ನುತ್ತಾರಲ್ಲ, ಆ ನಾರು ನಾನು. ನಲವತ್ತೈದು ವರ್ಷದಲ್ಲಿ ನನಗೆ ಯಾರೂ ಮೆಡಲ್ ಹಾಕಿರಲಿಲ್ಲ ಸುಬ್ಬು. ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಅದಕ್ಕೋಸ್ಕರ ನಿನ್ನನ್ನು ನಿಧಾನ ಮಾಡಿದೆ.

ಇನ್ನೂ ಒಂದಿದೆ, ಇದು ಎಲ್ಲಕ್ಕಿಂತ ಕೆಟ್ಟದ್ದು. ನೀನು ರಸ್ತೆಯ ಮೇಲೆ ಬಿದ್ದು ಹೆಗಲು ಹಿಡಿದುಕೊಂಡು ನರಳುತ್ತಿದ್ದಾಗ ನಾನು ಮೊದಲು ಆಡಿದ ಮಾತು, "ಕೂಗಿದ್ನಲ್ಲ, ಎಲ್ಲರೂ ಕೇಳಿಸ್ಕೊಂಡ್ರಲ್ಲ?" ನೀನು ನೀರು ಕೇಳುತ್ತಿದ್ದೆ. ನಾನು ಸಾಕ್ಷಿ ಕೇಳುತ್ತಿದ್ದೆ.

ಆ ಮೊದಲ ಕಾಗದ ಬರೆದದ್ದೂ ಎದುರು ಮಾತಾಡುವ ಧೈರ್ಯವಿಲ್ಲದೆ. ಮುಖ ನೋಡಲು ನಿನಗೆ ಆಗುವುದಿಲ್ಲ ಅಂತ ಜನ ಅಂದುಕೊಳ್ಳುತ್ತಾರೆ, ನೀನು ದನಿಯಲ್ಲೇ ಎಲ್ಲ ಹಿಡಿಯುತ್ತೀಯ. ನಿಮ್ಮಕ್ಕನ ದನಿಯಲ್ಲಿ ನನ್ನ ಸುಳ್ಳು ಸಿಕ್ಕಿಬೀಳುವುದಿಲ್ಲ ಅಂತ ಲೆಕ್ಕ ಹಾಕಿದ್ದೆ. ಅನೀಸಾಗೆ ಇಂದು ಎಲ್ಲ ಹೇಳಿದೆ. ಅವಳು ಕಣ್ಣೊರೆಸಿಕೊಂಡು, "ತುಮೇ ಜಾಕೋ ಬೋಲೋ" ಅಂದಳು, ನೀವೇ ಹೋಗಿ ಹೇಳಿ ಅಂತ. ಹೇಳಿದ್ದೇನೆ. ಈಗ ನನ್ನನ್ನು ಬೈಯುವುದಾದರೆ ಬೈಯಿ, ಎಬ್ಬಿಸಿ ಕಳಿಸುವುದಾದರೆ ಕಳಿಸು. ಆದರೆ ಇನ್ನು ಮೇಲೆ ಗೋಡೆ ಹಿಡಿದು ನಡೆಯಬೇಡ.

ವಹಾಬ್

*

ಜಕ್ಕೂರು
17 ಮಾರ್ಚ್ 2026

ವಹಾಬ್ ಭಾಯ್ ಅವರಿಗೆ ಸುಬ್ರಮಣಿ ಬರೆಸುವುದು.

ಅಂದು ನೀವು ಓದಿ ಮುಗಿಸಿದ ಮೇಲೆ ನಾನು ಎದ್ದು ಒಳಗೆ ಹೋದೆ. ನೀವು ಬಹಳ ಹೊತ್ತು ಜಗಲಿಯಲ್ಲಿ ಕೂತಿದ್ದಿರಂತೆ. ಹೊರಗೆ ಬಂದಿದ್ದರೆ ಹೊಡೆಯುತ್ತಿದ್ದೆ, ಅದಕ್ಕೇ ಬರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅಕ್ಕ ನನ್ನನ್ನು ನೀರಿನ ಟ್ಯಾಂಕಿನ ಹತ್ತಿರ ಕರೆದುಕೊಂಡು ಹೋದಳು. ಚಪ್ಪಲಿ ಬಿಟ್ಟು ಈ ಬದಿಯಿಂದ ಆ ಬದಿಗೆ ಅಂಗಾಲಿನಿಂದ ಸವರಿ ನೋಡಿದೆ. ರಸ್ತೆ ಚಪ್ಪಟೆಯಾಗಿತ್ತು. ಮಸೀದಿಯ ತಿರುವಿಗೆ ಹೋದೆವು, ಅಲ್ಲೂ ಚಪ್ಪಟೆ. ರಾಗಿ ಮಿಷನ್ನಿನ ಎದುರು ಇರುವ ಹಂಪು ಕಾಲಿಗೆ ಸಿಕ್ಕಿತು. ಅದರ ಮೇಲೆ ನಿಂತು ಅತ್ತೆ. ಹಿಂದೆ ನೀರಿನ ಟ್ಯಾಂಕರು ಹಾರ್ನ್ ಹೊಡೆಯುತ್ತಿತ್ತು, ಅಕ್ಕ ಡ್ರೈವರಿಗೆ ಬೈಯುತ್ತಿದ್ದಳು. ಕಣ್ಣು ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಮೊನ್ನೆ ಭಾನುವಾರದ ಓಟ ಮುಬಶ್ಶಿರ್ ಸಾರ್ ಜೊತೆ ಓಡಿದೆ. ನಲವತ್ತೆಂಟು ನಿಮಿಷ, ಹನ್ನೆರಡು ಸೆಕೆಂಡು. ಆಯ್ಕೆಗೆ ಕರೆ ಬಂದಿದೆ. ಕೊನೆಯ ತಿರುವಿನಲ್ಲಿ ನೀವು ನಿಂತಿದ್ದಿರಿ, ಬಾಯಿ ಬಿಡಲಿಲ್ಲ, ಚಪ್ಪಾಳೆಯನ್ನೂ ಹೊಡೆಯಲಿಲ್ಲ ಎಂದು ಅಕ್ಕ ಹೇಳಿದಳು. ಉಪವಾಸದಲ್ಲಿ ಅಷ್ಟು ಹೊತ್ತು ಬಿಸಿಲಲ್ಲಿ ಯಾಕೆ ನಿಂತಿರಿ?

ನಿಮ್ಮನ್ನು ಕ್ಷಮಿಸಿದ್ದೇನೋ ಇಲ್ಲವೋ ನನಗೆ ಗೊತ್ತಿಲ್ಲ. ಕೆಲವು ದಿನ ಕ್ಷಮಿಸಿರುತ್ತೇನೆ, ಹೆಗಲು ನೋಯುವ ದಿನ ಕ್ಷಮಿಸಿರುವುದಿಲ್ಲ. ಆದರೆ ನಾಲ್ಕು ತಿಂಗಳಿಂದ ಒಂದು ಮಾತು ಗಂಟಲಲ್ಲೇ ಇದೆ, ಅದನ್ನು ಕೇಳಿಬಿಡಿ. ನೀವು ಮೆಡಲಿನ ಆಸೆ ಪಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ, ನಾನೂ ಪಟ್ಟೆ. ನನಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ಉಸಿರು ಸಾಲುತ್ತಿಲ್ಲ, ಸ್ವಲ್ಪ ನಿಧಾನ ಮಾಡು ಸುಬ್ಬು ಅಂತ ಒಂದು ಸಲ ಅಂದಿದ್ದರೆ ನಾನು ಮಾಡುತ್ತಿರಲಿಲ್ಲವೇ? ಏರಿಯ ಮೇಲೆ ಅಷ್ಟು ಜನ ನನ್ನ ಪಕ್ಕದಲ್ಲೇ ಓಡಿಹೋದರು. ನಿಂತವರು ನೀವೊಬ್ಬರೇ. ನೀವು ಕೇಳಿದ್ದರೆ ಆಯ್ಕೆಯೂ ಬೇಡ, ಐವತ್ತು ನಿಮಿಷವೂ ಬೇಡ ಅಂತ ಜೀವಮಾನವೆಲ್ಲ ನಿಮ್ಮ ವೇಗಕ್ಕೇ ಓಡಿಕೊಂಡಿರುತ್ತಿದ್ದೆ. ನಿಮಗೆ ಅದು ಹೊಳೆಯಲೇ ಇಲ್ಲ. ಈಗ ಹಾಗೆ ಓಡಲಾರೆ, ನಾನು ಎಷ್ಟು ಜೋರಾಗಿ ಓಡಬಲ್ಲೆ ಅಂತ ನನಗೆ ಗೊತ್ತಾಗಿಬಿಟ್ಟಿದೆ.

ಮಂಗಳವಾರ, ಗುರುವಾರ, ಶನಿವಾರ ಮುಬಶ್ಶಿರ್ ಸಾರ್ ಬರುತ್ತಾರೆ. ಭಾನುವಾರ ನಿಧಾನದ ಓಟ, ಅಂದು ಅವರಿಗೆ ಸ್ಕೂಲಿನ ಮಕ್ಕಳ ಪಂದ್ಯ ಇರುತ್ತದೆ. ನಿಮ್ಮ ಹಬ್ಬ ಮುಗಿದ ಮೇಲಿನ ಭಾನುವಾರ ಬರುವುದಾದರೆ ಬನ್ನಿ. ಒಂದೇ ಷರತ್ತು. ಆಗದಿದ್ದರೆ ಆಗದು ಅನ್ನಬೇಕು.

ಸುಬ್ರಮಣಿ

*

ಆರ್.ಟಿ. ನಗರ
24 ಮಾರ್ಚ್ 2026

ಪ್ರಿಯ ಸುಬ್ಬು,

ನಿನ್ನ ಕಾಗದ ಹಬ್ಬದ ಮುಂಚಿನ ದಿನ ಬಂತು. ಹಬ್ಬದ ದಿನವೆಲ್ಲ ಜೇಬಿನಲ್ಲಿಟ್ಟುಕೊಂಡು ತಿರುಗಿದೆ.

ಈ ಭಾನುವಾರ, ಇಪ್ಪತ್ತೊಂಬತ್ತಕ್ಕೆ ಬರುತ್ತೇನೆ. ನವೆಂಬರಿನಿಂದ ನಾನು ಓಡಿಲ್ಲ, ಹೊಟ್ಟೆ ಮತ್ತೆ ಬಂದಿದೆ. ಮಂಜುಶ್ರೀಯವರೇ, ಮುಂದಿನ ಸಾಲನ್ನು ಬೀದಿಗೆ ಕೇಳಿಸುವ ಹಾಗೆ ಓದಿ: ಒಂದು ಕಿಲೋಮೀಟರು ಆಗುವಷ್ಟರಲ್ಲಿ ನನಗೆ ಉಸಿರು ಸಾಲುವುದಿಲ್ಲ, ಸುಬ್ಬು, ನಿಧಾನ ಮಾಡು.

ವಹಾಬ್